ಮೂರು ಒಗೆತಕ್ಕೂ ಹೋಗದ ರಕ್ತ

ಬನಹಟ್ಟಿಯ ಬಣ್ಣಗಾರ ಚನಮಲ್ಲಪ್ಪನವರನ್ನು ಅನ್ಯಗ್ರಹದ ಜೀವಿಯೊಂದು ತಬ್ಬಿಕೊಂಡದ್ದು ಕಳೆದ ಶುಕ್ರವಾರ, ಜಮಖಂಡಿಯ ಟಾಕೀಸಿನ ಬಾಗಿಲಲ್ಲಿ, ಬೆಳಗಿನ ಆಟಕ್ಕೆ ಮುಂಚೆ. ಜೀವಿಯ ಒಳಗಿದ್ದವನು ರನ್ನ ಬೆಳಗಲಿಯ ದುಂಡೇಶ. ‘ಮುಗಿಲಾಚೆಯ ಬೀಗ’ ಚಿತ್ರದ ಮೊದಲ ದಿನವಾದ್ದರಿಂದ ಬಂದವರನ್ನೆಲ್ಲ ಅದೇ ವೇಷದಲ್ಲಿ ಎದುರುಗೊಳ್ಳಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಬಿಸಿಲಿಗೆ ಚೆನ್ನಾಗಿ ಬೆವೆತಿದ್ದ. ಅಪ್ಪುಗೆ ಬಿಟ್ಟಾಗ ಚನಮಲ್ಲಪ್ಪನವರ ಹೊಸ ಬಿಳಿ ಅಂಗಿಗೆ ಹಸಿರು ಎದೆ, ಹಸಿರು ಭುಜ, ಬೆನ್ನ ಮೇಲೆ ಒಂದೂ ತಪ್ಪದಂತೆ ಹತ್ತು ಹಸಿರು ಬೆರಳು.

“ಕಾಕಾ, ನಿಮ್ಮ ಬಣ್ಣ ಬಿಟ್ಟೈತಲ್ರೀ!” ಎಂದು ಟಿಕೆಟಿನ ಸಾಲಿನಿಂದ ಯಾರೋ ಕೂಗಿದರು. ಸಾಲಿಗೆ ಸಾಲೇ ನಕ್ಕಿತು.

ಬೇರೆಯವರಾಗಿದ್ದರೆ ತಾವೂ ನಕ್ಕು ಒಳಗೆ ಹೋಗುತ್ತಿದ್ದರು. ಚನಮಲ್ಲಪ್ಪನವರ ಮುಖ ಸುಣ್ಣವಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಜನ ಅವರನ್ನು ಒಳಗೆ ತಳ್ಳಿಕೊಂಡೇ ಹೋದರು.

ಅವರ ಸಂಕಟ ತಿಳಿಯಬೇಕಾದರೆ ಅವರ ಬಣ್ಣದ ಮನೆಯನ್ನು ಒಮ್ಮೆ ಹೊಕ್ಕು ಬರಬೇಕು. ಮೂವತ್ತೆಂಟು ವರ್ಷದಿಂದ ಅಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದಾರೆ. ಹೊಸ ಬಣ್ಣ ಬೆರೆಸಿದರೆ ಮೊದಲ ನೂಲಿನ ಲಡಿಯನ್ನು ತಾವೇ ಸಾಬೂನು ಹಾಕಿ ಮೂರು ಸಲ ಒಗೆಯುತ್ತಾರೆ. ಮೂರನೆಯ ನೀರು ಕುಡಿಯುವಷ್ಟು ತಿಳಿಯಾಗಿ ನಿಂತರೆ ಮಾತ್ರ ಅದು ಮಗ್ಗಕ್ಕೆ. ಇಷ್ಟು ವರ್ಷದಲ್ಲಿ ಬಣ್ಣ ಬಿಟ್ಟಿತೆಂದು ಅವರ ಒಂದು ಸೀರೆಯೂ ತಿರುಗಿ ಬಂದಿಲ್ಲ. ಅವರಲ್ಲಿ ಇನ್ನೇನು ಗುಣಗಳಿವೆಯೋ ಊರಿಗೆ ಗೊತ್ತಿಲ್ಲ, ಇದೊಂದು ಗೊತ್ತು. “ಲಗ್ನಾದಾಗಿಂದ ಇವರ ಉಗುರಿನ ಖರೇ ಬಣ್ಣ ಯಾವುದಂತ ನಾ ನೋಡಿಲ್ಲ” ಎನ್ನುತ್ತಾರೆ ಹೆಂಡತಿ ರತ್ನಾಬಾಯಿ.

ಚಿತ್ರದ ನಿರ್ದೇಶಕ ಬಸವಕುಮಾರ ಚನಮಲ್ಲಪ್ಪನವರ ತಂಗಿಯ ಮಗ. ಸುತ್ತಲಿನ ನಾಲ್ಕು ತಾಲೂಕಿನ ಮದುವೆಗಳ ವಿಡಿಯೋ ತೆಗೆದು ಕೈ ಪಳಗಿಸಿಕೊಂಡವನು. ಅವನು ಬರೆದ ಕಥೆ ಬಹಳ ಸಾಧುವಾಗಿತ್ತು. ಬಾಡಗಂಡಿಯ ಕಬ್ಬಿನ ಗದ್ದೆಗೆ ಮುಗಿಲಿಂದ ಒಂದು ಜೀವಿ ಇಳಿಯುತ್ತದೆ. ಅದರ ಲೋಕದಲ್ಲಿ ಬಟ್ಟೆಯೇ ಇಲ್ಲ. ಮಗ್ಗ ಕಲಿತು ಹೋಗಲು ಬಂದಿದೆ. ನೇಕಾರರ ಹುಡುಗಿಯೊಬ್ಬಳು ಕಲಿಸುತ್ತಾಳೆ. ಇಡೀ ಚಿತ್ರದಲ್ಲಿ ರಕ್ತ ಕಾಣುವುದು ಒಂದೇ ಕಡೆ: ಅವಳ ಬೆರಳಿಗೆ ಲಾಳಿ ತಗುಲಿ ಎರಡು ಹನಿ.

“ಮಾಮಾ, ಒಂದ್ ಸಣ್ಣ ಬಾಟ್ಲಿ ರಕ್ತ ಮಾಡಿ ಕೊಡ್ರಿ.”

“ಬಾಟ್ಲಿ ಲೆಕ್ಕದಾಗ ನನಗ ಹದಾ ಸಿಗೂದಿಲ್ಲೋ ಬಸು. ಕಡಿಮಿ ಅಂದ್ರ ಎರಡು ಕೊಡ.”

ಎರಡು ಕೊಡವೇ ಆಯಿತು. ರಕ್ತ ಮಂದವಾಗಿರಲೆಂದು ಮುಧೋಳದ ಬೆಲ್ಲದ ಪಾಕ ಬೆರೆಸಿದರು. ಕಳಿಸುವ ಮುಂಚೆ ರೂಢಿಯಂತೆ ಪರೀಕ್ಷೆ: ತಮ್ಮ ಮುಂಗೈಗೆ ಹಚ್ಚಿ ಒಣಗಿಸಿ ಮೂರು ಸಲ ಒಗೆದರು. ಚೂರೂ ಬಿಡಲಿಲ್ಲ. ಬಹಳ ಖುಷಿಯಾಗಿ ಕಳಿಸಿಕೊಟ್ಟರು.

ಚಿತ್ರೀಕರಣದ ಮೊದಲ ದಿನವೇ ಎರಡು ಹನಿಯ ಬದಲು ಒಂದು ತಂಬಿಗೆ ಸುರಿಯಿತು. ನಾಯಕಿ ವೈಶಾಲಿಯ ಕೈ ಮೊಳಕೈವರೆಗೆ ಕೆಂಪು. ಪಕ್ಕದಲ್ಲಿ ಪೋಸ್ಟಮನ್ ಆಗಿ ನಿಂತಿದ್ದ ಪರಮೇಶನ ಕುತ್ತಿಗೆ ಕೆಂಪು. ಸಾಬೂನು, ಹುಣಸೆಹಣ್ಣು, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ವೈಶಾಲಿಯ ಕೈಗೇನೋ ಪಟ್ಟಿ ಕಟ್ಟಿದರು. ಆದರೆ ಪರಮೇಶ ಮಾರನೆಯ ದಿನ ಮುಗಿಲಿನ ಅತಿಥಿಗೆ ನಗುನಗುತ್ತ ಚಹಾ ಕೊಡಬೇಕಿತ್ತು. ಕುತ್ತಿಗೆ ಕೊಯ್ಸಿಕೊಂಡವನು ಚಹಾ ಹೇಗೆ ಕೊಟ್ಟಾನು?

ಬಸವಕುಮಾರ ಬನಹಟ್ಟಿಗೆ ಓಡಿ ಬಂದ.

“ಮಾಮಾ, ಕೈ ಮುಗೀತೇನಿ. ತೊಳದ್ರ ಹೋಗೂವಂಥ ಬಣ್ಣ ಮಾಡಿ ಕೊಡ್ರಿ.”

ಚನಮಲ್ಲಪ್ಪನವರು ಕೈಯಲ್ಲಿದ್ದ ಲಡಿಯನ್ನು ಕೆಳಗಿಟ್ಟರು. “ಏನಂದಿ?”

“ತೊಳದ್ರ...”

“ನನ್ನ ಬಣ್ಣದ ಮನ್ಯಾಗ ನಿಂತು ಈ ಮಾತು ಆಡ್ತಿಯೇನಲೇ? ಚನಮಲ್ಲಪ್ಪನ ಬಣ್ಣ ಬಿಡಾಕತ್ತೈತಿ ಅಂತ ನಾಳಿ ಮಂದಿ ಮಾತಾಡ್ತಾರ. ಸಿನಿಮಾಕ್ಕ ಮಾಡಿದ್ದೋ ಸೀರಿಗೆ ಮಾಡಿದ್ದೋ ಅಂತ ಯಾರು ಕೇಳ್ತಾರ?”

“ಹಂಗಾದ್ರ ಪರಮೇಶನ್ನ ಏನ್ ಮಾಡ್ಲಿ?”

“ಸಾಯಿಸು” ಎಂದು ಮತ್ತೆ ಲಡಿ ಎತ್ತಿಕೊಂಡರು.

ಸಾಯಿಸಿದ. ಕೊಲೆಯಾದ ಮೇಲೆ ಕೊಲೆಗಾರ ಬೇಕಲ್ಲ? ಮಗ್ಗ ಕಲಿಯಲು ಬಂದಿದ್ದ ಸಾಧು ಜೀವಿಗೆ ರಾತ್ರೋರಾತ್ರಿ ಕೋರೆಹಲ್ಲು ಮೂಡಿತು. ಪರಮೇಶನನ್ನು ಕೊಲ್ಲುವಾಗ ಇನ್ನಿಬ್ಬರ ಮೇಲೆ ಸಿಡಿಯಿತು; ಮಾರನೆಯ ದಿನ ಅವರೂ ಖಲಾಸ್. ಅವರಿಂದ ಐದು ಮಂದಿಗೆ. ಸಿಡಿದವರೆಲ್ಲ ಸಾಯಲೇಬೇಕು, ಸಾಯುವವರೆಲ್ಲ ಸಿಡಿಸಲೇಬೇಕು. ಹದಿನೆಂಟು ದಿನದಲ್ಲಿ ನಲವತ್ಮೂರು ಹೆಣ ಬಿದ್ದವು. ನೇಯುವ ಕಥೆ ಕೊಯ್ಯುವ ಕಥೆಯಾಯಿತು. ಸತ್ತವರು ಸಂಜೆ ಅದೇ ಕೆಂಪಿನಲ್ಲಿ ಲೋಕಾಪುರದ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದರು. “ಎಲ್ಲಾರಿಗೂ ದವಾಖಾನಿ ಸ್ಟಾಪ್ ಏನ್ರಿ?” ಎಂದು ಕಂಡಕ್ಟರ್ ಕೇಳಿದನಂತೆ.

ಜೀವಿಗೆ ಹಚ್ಚುವ ಹಸಿರನ್ನೂ ಮಾಮಾನಿಂದಲೇ ತರಬೇಕಿತ್ತು. ದುಂಡೇಶನ ತಾಯಿ ಸತ್ಯವ್ವ ಅಡ್ಡ ಬಂದಳು. ಅವನ ಲಗ್ನ ನಿಶ್ಚಯವಾಗಿತ್ತು. “ಬೀರೇಶ್ವರಗ ಏರಸೂ ಅರಿಷಿಣ ಭಂಡಾರ ಹಳದಿ ಐತೆಪಾ. ಹಸರು ಮದಿಮಗನ್ನ ಆ ದೇವ್ರ ಮುಂದ ಹೆಂಗ ನಿಂದ್ರಸ್ಲಿ?” ಎಂದಳು. ಬಸವಕುಮಾರ ಮಾಮಾನಿಗೆ ಹೇಳದೆ, ಹೋಳಿ ಹಬ್ಬದಲ್ಲಿ ಮಾರಿ ಉಳಿದಿದ್ದ ಹಸಿರು ಪುಡಿಯನ್ನು ಸಂತೆಯಿಂದ ತಂದು ನೀರಲ್ಲಿ ಕಲಸಿದ.

ಇಂತಿಪ್ಪ ಚಿತ್ರವನ್ನು ಚನಮಲ್ಲಪ್ಪನವರು ಶುಕ್ರವಾರ ಎದೆಯ ಹಸಿರು ಕಾಣದಂತೆ ಎರಡೂ ಕೈ ಕಟ್ಟಿಕೊಂಡು ನೋಡಿದರು. ತೆರೆಯ ಮೇಲೆ ಜೀವಿಯ ಹಸಿರು ಬೆವರಿನೊಡನೆ ಇಳಿದು, ಕೊನೆಗೆ ದುಂಡೇಶ ದುಂಡೇಶನಂತೆಯೇ ಕಾಣತೊಡಗಿದ. ಹತ್ತನೆಯ ಕೊಲೆಗೆ ಹೆದರಿದ್ದ ಜನ ಇಪ್ಪತ್ತನೆಯದಕ್ಕೆ ಆಕಳಿಸಿದರು, ಮೂವತ್ತನೆಯದಕ್ಕೆ ಎದ್ದು ಹೊರಟರು.

“ಏನ್ರಿ, ಆ ಹೆಣ ಮೈ ಕೆರಕೊಳ್ಳಾಕತ್ತೈತಲ್ಲ?” ಎಂದರು ಪಕ್ಕದಲ್ಲಿ ಕೂತಿದ್ದ ರತ್ನಾಬಾಯಿ.

“ಬೆಲ್ಲಕ್ಕ ಇರಿವಿ ಹತ್ಯಾವು. ನೀ ಬಣ್ಣ ನೋಡು, ಬಣ್ಣ.”

“ಬಣ್ಣ ನೋಡಾಕ ಇಲ್ಲಿತನಕ ಯಾಕ ಬರಬೇಕಿತ್ರಿ? ನಿಮ್ಮ ಬೆನ್ನ ಮ್ಯಾಲ ಐತಲ್ಲ.”

ಚನಮಲ್ಲಪ್ಪನವರು ಬೆನ್ನನ್ನು ಕುರ್ಚಿಗೆ ಒತ್ತಿ ಕೂತರು.

ಹೊರಗೆ ಜನ ಬಸವಕುಮಾರನನ್ನು ಸುತ್ತುಗಟ್ಟಿದ್ದರು. ಮಗ್ಗದ ಕಥೆ ಅಂತ ಹೇಳಿ ಕಸಾಯಿಖಾನೆ ತೋರಿಸಿದಿ ಎಂದು ಬೈಯುತ್ತಿದ್ದರು. ಅವನು ಎರಡು ಕೊಡ ರಕ್ತದ ವೃತ್ತಾಂತವನ್ನೆಲ್ಲ ಹೇಳಿ ಮಾಮಾನ ಕಡೆ ಕೈ ತೋರಿಸಿದ. ಮೊಬೈಲಿನಲ್ಲಿ ಸುದ್ದಿವಾಹಿನಿ ನಡೆಸುವ ಮುಧೋಳದ ಹುಡುಗಿ ಕಾವ್ಯ ಮೈಕು ಹಿಡಿದು ಬಂದೇಬಿಟ್ಟಳು.

“ಕಾಕಾರ, ನಲವತ್ಮೂರು ಮಂದಿ ಸತ್ತಿದ್ದು, ಇಂಥಾ ಛಲೋ ಕತಿ ಹಾಳಾಗಿದ್ದು, ಎಲ್ಲಾ ನಿಮ್ಮಿಂದಂತ. ನೀವೇನಂತೀರಿ?”

ಗದ್ದಲ ನಿಂತಿತು. ಮಾವ ಅಳಿಯನ ಜಗಳ ಈಗ ಹತ್ತಿತು ಎಂದು ಜನ ಹತ್ತಿರ ಸರಿದರು. ಬಸವಕುಮಾರ ತಲೆ ತಗ್ಗಿಸಿದ.

ಚನಮಲ್ಲಪ್ಪನವರು ಬೆಳಗಿನಿಂದ ಕಟ್ಟಿಕೊಂಡಿದ್ದ ಕೈ ಬಿಚ್ಚಿದರು. ಕ್ಯಾಮೆರಾಕ್ಕೆ ಮೊದಲು ಎದೆ ತೋರಿಸಿದರು, ನಿಧಾನಕ್ಕೆ ತಿರುಗಿ ಬೆನ್ನು ತೋರಿಸಿದರು, ಮತ್ತೆ ಇತ್ತ ತಿರುಗಿದರು.

“ಖರೇ ಐತಿ ನೋಡವಾ. ನಲವತ್ಮೂರೂ ಮಂದೀನ್ನ ನಾನ ಕೊಂದೇನಿ” ಎಂದರು. “ಆದ್ರ ಈ ಹಸರು ನಂದಲ್ಲ.”