ತೋಳಿನ ಚಿತ್ರಕ್ಕೊಂದು ನಂಬರು

ರೋಣದಲ್ಲಿ ನಾನು ಹೊಲಿಗೆ ಕ್ಲಾಸು ನಡೆಸುತ್ತೇನೆ. ಸವಡಿ, ಜಕ್ಕಲಿ ಕಡೆಯಿಂದ ಹೆಣ್ಣುಮಕ್ಕಳು ಬಸ್ಸಿಗೆ ಬರುತ್ತಾರೆ. ಬಸ್ಸು ತಪ್ಪಿದವರಿಗೆ ಪಾಠ ತಪ್ಪಬಾರದೆಂದು, ಕುಪ್ಪಸ ಕತ್ತರಿಸುವ ವಿಧಾನವನ್ನು ಚಿತ್ರಸಮೇತ ಕಂಪ್ಯೂಟರಿನಲ್ಲಿ ಬರೆದು ಒಂದು ಪುಸ್ತಕ ಮಾಡಿಕೊಂಡಿದ್ದೆ. ಚಿತ್ರಗಳ ಕೆಳಗಿನ ನಂಬರು, ಪಾಠದ ನಡುವಿನ 'ಚಿತ್ರ 9 ನೋಡಿ', ಎಲ್ಲ ನಾನೇ ಟೈಪು ಮಾಡಿದ್ದು.

ಹೋದ ಬೇಸಿಗೆಯಲ್ಲಿ ಬೋಟ್ ಕೊರಳಿನ ಪಾಠ ಸೇರಿಸಿದೆ. ನಡುವೆ ಹೊಸ ಚಿತ್ರ ಬಂದು ಮುಂದಿನವೆಲ್ಲ ಸರಿದವು. ಚಿತ್ರದ ಕೆಳಗಿನ ನಂಬರು ತಿದ್ದಿದೆ. ಪಾಠದೊಳಗಿನವು ಕೆಲವು ಹಾಗೇ ಉಳಿದವು. ತಂಗಿಯ ನಿಶ್ಚಯಕ್ಕೆ ಖಣದ ಕುಪ್ಪಸ ಹೊಲಿಯುತ್ತಿದ್ದ ಸವಡಿಯ ಹೆಣ್ಣುಮಗಳು, ತೋಳಿಗೆ ಹೇಳಿದ ಚಿತ್ರ ತೆಗೆದು ನೋಡಿದರೆ ಅಲ್ಲಿ ಕೊರಳಿತ್ತು. ಬಟ್ಟೆ ಮಡಚಿಕೊಂಡು ನನ್ನ ಹತ್ತಿರ ಬಂದಳು.

"ಟೀಚರ್, ಇದನ್ನ ನಂಬಿ ಕತ್ರಿ ಹಾಕ್ಲ್ಯೋ ಬ್ಯಾಡೋ?"

ಬೇಡ ಅಂದೆ. ಆವತ್ತು ನಾನೇ ಪಕ್ಕದಲ್ಲಿ ನಿಂತು ಗುರುತು ಹಾಕಿಕೊಟ್ಟೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಪ್ರಿಂಟು ತೆಗೆಯುವ ಅಂಗಡಿಯವರನ್ನು ಇದಕ್ಕೇನು ದಾರಿಯೆಂದು ಕೇಳಿದರೆ, ಹೊಲಿಗಿ ಪುಸ್ತಕಕ್ಕ ಅಷ್ಟ್ಯಾಕ್ರಿ, ಕೈಲೇ ತಿದ್ದಿ ಕೊಡ್ರಿ ಅಂದರು. ಕೈಲೇ ತಿದ್ದಿದ್ದಕ್ಕೇ ಹೀಗಾಗಿತ್ತು. ನಂಬರು ತಾನೇ ಬರುವ ದಾರಿ ಇದ್ದೇ ಇರುತ್ತದೆ, ಅದನ್ನು ಕಲಿತೇ ಬಿಡುತ್ತೇನೆಂದು ಹಟ ಹಿಡಿದೆ.

ಮಧ್ಯಾಹ್ನ ಕ್ಲಾಸು ಖಾಲಿಯಾದ ಮೇಲೆ ವಿಡಿಯೋ ನೋಡುತ್ತ ಕೂತೆ. ಟೈಪು ಮಾಡಿದ ನಂಬರೆಲ್ಲ ಅಳಿಸಿ, ಚಿತ್ರಕ್ಕೆ ಕಂಪ್ಯೂಟರೇ ಎಣಿಸಿ ಹಾಕುವ ನಂಬರು ಕೊಟ್ಟೆ. 'ಚಿತ್ರ' ಎಂಬ ಒಂದೇ ಹೆಸರು ಸಾಲದು ಅನ್ನಿಸಿತು. ಕೊರಳು, ತೋಳು, ಪಟ್ಟಿ ಅಂತ ನನ್ನವೇ ಹೆಸರು ಮಾಡಿದೆ. ಒಂದೊಂದಕ್ಕೂ ಬೇರೆ ಎಣಿಕೆ. ಪಾಠದೊಳಗೆ ನಂಬರು ಬರೆಯದೆ, ಆಯಾ ಚಿತ್ರದ ನಂಬರು ತಾನೇ ಬಂದು ಕೂಡುವಂತೆ ಕೊಂಡಿ ಹಾಕಿದೆ. ಪೂರ್ತಿ ಪುಸ್ತಕ ಆಯ್ದು ಎಫ್ ಒಂಬತ್ತರ ಕೀಲಿ ಒತ್ತಿದರೆ ಎಲ್ಲವೂ ಹೊಸದಾಗಿ ಎಣಿಸಿಕೊಳ್ಳಬೇಕು.

ಮೊದಲ ಸಲ ಒತ್ತಿದಾಗ ಪಾಠದ ತುಂಬ ಇಂಗ್ಲಿಷಿನಲ್ಲಿ 'ಎರರ್' ಎದ್ದು ನಿಂತಿತು. ಹುಡುಕಿದಾಗ ತಿಳಿಯಿತು: ಕೆಲವು ಚಿತ್ರಗಳ ಕೆಳಗಿನ ಹೆಸರಿನ ಸಾಲನ್ನು ನಾನು ಅಳಿಸಿ ಮತ್ತೆ ಬರೆದಿದ್ದೆ, ಕೊಂಡಿಗೆ ಆಸರೆ ತಪ್ಪಿತ್ತು. ಒಂದೊಂದಾಗಿ ಮತ್ತೆ ಹಾಕಿದೆ. ಬೇಸರ ಬಂದರೆ ಎದ್ದು ಚಹಾ ಕುಡಿದು ಬಂದು ಕೂಡುತ್ತಿದ್ದೆ.

ಮುಗಿದಾಗ ಸವಡಿಯವಳನ್ನೇ ಪರೀಕ್ಷೆಗೆ ಕೂರಿಸಿದೆ. ಅವಳು ಓದುವುದು, ನಾನು ಪುಟ ತಿರುವುವುದು. ಅವಳೇ ಹೇಳಿದ ಕಡೆ ಬೇಕಂತಲೇ ಇನ್ನೊಂದು ತೋಳು ಸೇರಿಸಿ ಕೀಲಿ ಒತ್ತಿದೆ. ತೋಳು 3 ಇದ್ದದ್ದು 4 ಆಯಿತು, ಪಾಠದಲ್ಲೂ ಆಯಿತು. ಕೊರಳಿನ ಎಣಿಕೆ ಅಲುಗಲಿಲ್ಲ. ಅವಳು ಸುಮ್ಮನಿರದೆ ಕೊನೆಯ ಪುಟದವರೆಗೂ ನೋಡಿದಳು.

"ಈಗ ಕತ್ರಿ ಹಾಕಬಹುದ್ರಿ," ಅಂದಳು.

ಈ ತಿಂಗಳು ಸೂಡಿಯಿಂದ ಬರುವವರು ಪಫ್ ತೋಳು ಕಲಿಸ್ರಿ ಅಂದಿದ್ದಾರೆ. ಚಿತ್ರ ಬಿಡಿಸಿ ಇಟ್ಟಿದ್ದೇನೆ. ಪುಸ್ತಕದ ನಟ್ಟನಡುವೆಯೇ ಸೇರಿಸುತ್ತೇನೆ.