ಸ್ಟಾಟಿಸ್ಟಿಕ್ಸ್ ಯಾರಿಗೂ ಬೇಡ, ಹೇಮಶ್ರೀ ಮೇಡಂಗೂ ಬೇಡವಾಗಿತ್ತು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಿಂದ ಹೊರಟ ಗುಬ್ಬಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರುವ ಹೇಮಶ್ರೀ ಕೆಂಪು ಪೆನ್ನಿನ ಕ್ಯಾಪನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಾರೆ. ಮಡಿಲಲ್ಲಿ ಟೆಸ್ಟ್ ಪೇಪರುಗಳ ಕಟ್ಟು. ಮೊದಲ ಪೇಪರಿನಲ್ಲೇ ಪೆನ್ನು ನಿಂತುಬಿಡುತ್ತದೆ. ಒಂದು ಅಂಗಡಿಯ ಐವರು ಕೆಲಸಗಾರರ ವಯಸ್ಸು ಕೊಟ್ಟು ಸರಾಸರಿ ಕೇಳಿದ್ದರು. ಹುಡುಗ ನೂರಾ ಎಂಬತ್ನಾಲ್ಕು ವರ್ಷ ಎಂದು ಬರೆದಿದ್ದಾನೆ. ಹೇಮಶ್ರೀ ಹಾಳೆಯನ್ನು ಪಕ್ಕದಲ್ಲಿ ಕೂತ ನನ್ನತ್ತ ಹಿಡಿಯುತ್ತಾರೆ.

"ಕೂಡಿದಾನೆ, ಭಾಗಿಸೋದು ಮರ್ತಿದಾನೆ. ಹೋಗ್ಲಿ ಬಿಡಿ, ಮರೀಲಿ. ಆದ್ರೆ ನೂರಾ ಎಂಬತ್ನಾಲ್ಕು ವರ್ಷದೋರು ಅಂಗಡೀಲಿ ನಿಂತು ಸಾಮಾನು ಕಟ್ತಾರಾ ಅಂತ ಒಂದು ಸಲ ಅನುಮಾನ ಬರ್ಬೇಡ್ವಾ? ಉತ್ತರದ ಕೆಳಗೆ ಎರಡು ಗೆರೆ ಬೇರೆ ಎಳೆದವ್ನೆ!"

ಮುಂದಿನ ಪೇಪರಿನಲ್ಲಿ ಮಳೆ ಬರುವ ಸಂಭವನೀಯತೆ ಮೂರೂವರೆ. ಎಂಥ ಮಳೆಯಾದರೂ ಅದು ಒಂದನ್ನು ದಾಟುವಂತಿಲ್ಲ ಎಂದು ಹೇಮಶ್ರೀ ಹೋದ ವಾರವಿಡೀ ಗಂಟಲು ಹರಿದುಕೊಂಡಿದ್ದರು. ಪೇಪರಿನ ಅಂಚಿನಲ್ಲಿ 'ಏನಪ್ಪ ಇದು?' ಎಂದು ಬರೆದು ಪಕ್ಕಕ್ಕಿಡುತ್ತಾರೆ. ಬಸ್ಸು ಕುಲುಕಿ ಪ್ರಶ್ನಾರ್ಥಕ ಚಿಹ್ನೆ ಹಾಳೆಯ ತುದಿಯವರೆಗೂ ಎಳೆದುಕೊಂಡು ಹೋಗುತ್ತದೆ.

ಹೇಮಶ್ರೀ ಕಾಮರ್ಸ್ ವಿಭಾಗದ ಅತಿಥಿ ಉಪನ್ಯಾಸಕಿ. ವಾರದ ಮೊದಲರ್ಧ ಗುಬ್ಬಿಯ ಒಂದು ಕಾಲೇಜಿನಲ್ಲಿ, ಉಳಿದರ್ಧ ಕುಣಿಗಲ್‌ನ ಇನ್ನೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಬಿಸಿನೆಸ್ ಸ್ಟಾಟಿಸ್ಟಿಕ್ಸ್ ಕಲಿಸುತ್ತಾರೆ. ಅತಿಥಿ ಎಂಬ ಹೆಸರಿದ್ದರೂ ಸತ್ಕಾರವೇನಿಲ್ಲ. ಸ್ಟಾಫ್ ರೂಮಿನಲ್ಲಿ ಸ್ವಂತ ಕುರ್ಚಿಯಿಲ್ಲ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಎಂ.ಕಾಂ.ನಲ್ಲಿ ಅವರು ಇಷ್ಟಪಟ್ಟು ಓದಿದ್ದು ಅಕೌಂಟ್ಸ್. ಸ್ಟಾಟಿಸ್ಟಿಕ್ಸ್ ಕಂಡರೆ ವಿದ್ಯಾರ್ಥಿಯಾಗಿದ್ದಾಗಲೇ ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಯಾರಿಗೂ ಬೇಡವಾದ ಪೇಪರು ಎಲ್ಲರಿಗಿಂತ ಹೊಸಬರಾದ ಅವರ ಕೈಗೆ ಬಂತು. ಅಲ್ಲಿಂದ ಪ್ರತಿ ವರ್ಷವೂ ಬೇರೆ ಪೇಪರು ಕೊಡಿ ಎಂದು ಕೇಳುತ್ತಲೇ ಬಂದಿದ್ದಾರೆ.

"ನಾನೇ ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಕಲ್ತಿದ್ದು. ಬೇಳೆ ಬೇಯೋಕಿಟ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ಕೇಳೋದು, ಒಗ್ಗರಣೆ ಹಾಕೋ ಹೊತ್ತಿಗೆ ಮರ್ತು ಹೋಗೋದು, ಮತ್ತೆ ಹಿಂದಕ್ಕೆ ಓಡ್ಸೋದು. ನಂಗೇ ಇಷ್ಟು ಕಷ್ಟ ಆಗಿದೆ, ಮಕ್ಳನ್ನ ಏನಂತ ಬೈಲಿ? ಆದ್ರೂ ಬೈತೀನಿ."

ಹಿಂದಿನ ಬ್ಯಾಚಿನಲ್ಲಿ ಹಾಗೆ ಬೈಸಿಕೊಂಡವರಲ್ಲಿ ಮೊದಲಿಗ ಕಡಬದ ಬೆಟ್ಟಸ್ವಾಮಿ. ಡಿಗ್ರಿ ಮುಗಿಸಲು ಅವನಿಗೆ ಬಾಕಿ ಇದ್ದದ್ದು ಇದೊಂದೇ ಪೇಪರು. ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದ. ಸತ್ಯಮಂಗಲದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ ಅವನಿಗೆ, ಡಿಗ್ರಿ ತಂದರೆ ಸ್ಟೋರ್ಸ್‌ನಲ್ಲಿ ಕೂರುವ ಕೆಲಸ ಕೊಡುವುದಾಗಿ ಮಾಲೀಕರು ಹೇಳಿದ್ದರು. ಶಿಫ್ಟ್ ಮುಗಿಸಿ, ಹಾಜರಿಯ ಹಂಗಿಲ್ಲದಿದ್ದರೂ ಗುಬ್ಬಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಆಕಳಿಸುತ್ತಿದ್ದ, ಮಧ್ಯೆ ಮಧ್ಯೆ ವಾದಕ್ಕೂ ಇಳಿಯುತ್ತಿದ್ದ. ಒಂದು ದಿನ ಹೀಗೇ ಎದ್ದು ನಿಂತ.

"ಒಂದು ವಿಷ್ಯ ಆಗುತ್ತೆ, ಇಲ್ಲಾ ಆಗಲ್ಲ. ಎರಡೇ ತಾನೆ ಮೇಡಂ? ಅಂದ್ಮೇಲೆ ಅರ್ಧ ಅರ್ಧ. ಇದಕ್ಕೆ ಇಷ್ಟುದ್ದ ಫಾರ್ಮುಲಾ ಯಾಕೆ?"

"ಈಗ ನಿನ್ ತಲೆ ಮೇಲೆ ತೆಂಗಿನಕಾಯಿ ಬೀಳುತ್ತೆ, ಇಲ್ಲಾ ಬೀಳಲ್ಲ. ಅದೂ ಅರ್ಧ ಅರ್ಧನಾ?"

"ನಮ್ ತೋಟದಲ್ಲಿ ಆದ್ರೆ ಹೇಳಕ್ಕಾಗಲ್ಲ ಮೇಡಂ."

ಕ್ಲಾಸು ಹೋ ಎಂದು ನಕ್ಕಿತು. ಹೇಮಶ್ರೀ ಚಾಕ್‌ಪೀಸನ್ನು ಮೇಜಿನ ಮೇಲೆ ಕುಕ್ಕಿ ಹೊರನಡೆದರು. "ಬಸ್ಸಲ್ಲಿ ಇಡೀ ದಾರಿ ಅವನಿಗೇನೇ ಉತ್ತರ ಹುಡುಕ್ತಿದ್ದೆ. ಅಷ್ಟು ಸಿಟ್ಟು ಬಂದಿತ್ತು" ಎನ್ನುತ್ತಾರೆ.

ಉತ್ತರ ಸಿಕ್ಕಿದ್ದು ಬಟವಾಡಿಯ ಬಾಡಿಗೆ ಮನೆಯಲ್ಲಿ. ಅತ್ತೆ ಕೌಸಲ್ಯಮ್ಮ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಪಕ್ಕದ ಮನೆಯವರೊಂದಿಗೆ ಚೌಕಾಬಾರ ಆಡುತ್ತಿದ್ದರು. ಕವಡೆಯಿಲ್ಲ. ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜ, ಅಷ್ಟೇ. ಎಷ್ಟು ಬೀಜ ಬೆಳ್ಳಗೆ ಬೀಳುತ್ತವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬೆಳ್ಳಗಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು. "ಥೂ, ಬರೀ ಎರಡೇ ಬೀಳ್ತದೆ ಕಣಮ್ಮ, ನಾಲ್ಕು ಬಾ ಅಂದ್ರೆ ಬರಲ್ಲ" ಎಂದು ಕೌಸಲ್ಯಮ್ಮ ಗೊಣಗಿದರು. ಒಗೆದ ಬಟ್ಟೆ ಮಡಚುತ್ತಿದ್ದ ಸೊಸೆಯ ಕೈ ಹಾಗೇ ನಿಂತಿತು. ವಿಡಿಯೋದಲ್ಲಿ ಯಾರೋ ಇಂಗ್ಲಿಷಿನಲ್ಲಿ ಹೇಳಿ ಹೇಳಿ ಅರ್ಥ ಮಾಡಿಸಲಾಗದಿದ್ದ, ಯಾವುದು ಎಷ್ಟು ಸಲ ಬಿದ್ದೀತು ಎಂದು ಹೇಳುವ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ತಮ್ಮ ಮನೆಯ ನೆಲದ ಮೇಲೇ ಬಿದ್ದು ಹೊರಳುತ್ತಿತ್ತು.

ಮುಂದಿನ ಕ್ಲಾಸಿಗೆ ಒಂದು ಚೀಲ ಬೀಜ ಹೋಯಿತು. ಬೆಂಚು ಸರಿಸಿ ಮಕ್ಕಳನ್ನು ನೆಲದ ಮೇಲೆ ಗುಂಪು ಗುಂಪಾಗಿ ಕೂರಿಸಿದರು. ಬಿದ್ದಿದ್ದನ್ನೆಲ್ಲ ಬೋರ್ಡಿನ ಮೇಲೆ ಗೆರೆ ಹಾಕುತ್ತಾ ಹೋದರು. ಎರಡರ ಸಾಲು ಉದ್ದಕ್ಕೆ ಬೆಳೆಯಿತು. ಒಂದು ಮತ್ತು ಮೂರು ಅದರ ಹಿಂದೆ ಬಂದವು. ನಾಲ್ಕು, ಎಂಟು ಅಪರೂಪಕ್ಕೆ ಒಂದೊಂದು. ಕೊನೆಯ ಬೆಂಚಿನ ಬೆಟ್ಟಸ್ವಾಮಿ ಮುಂದಕ್ಕೆ ಬಂದ.

"ಇದ್ಯಾಕೆ ಹಿಂಗೆ? ಐದು ಥರ ಬೀಳ್ತದೆ ಅಂದ್ಮೇಲೆ ಐದಕ್ಕೂ ಸಮ ಇರ್ಬೇಕಲ್ವಾ?"

"ನಾನು ಹೇಳಲ್ಲ. ನೀನೇ ಜೋಡಿಸಿ ನೋಡು."

ಅವನು ನಾಲ್ಕು ಬೀಜ ಸಾಲಾಗಿಟ್ಟ. ಎರಡು ಬಿಳಿ ಬರಲು ಎಷ್ಟು ದಾರಿ? ಮೊದಲನೆಯದು ಎರಡನೆಯದು, ಮೊದಲನೆಯದು ಮೂರನೆಯದು ಎಂದು ಒಂದೊಂದೇ ತಿರುಗಿಸುತ್ತಾ ಹೋದ. ಆರು ದಾರಿ ಸಿಕ್ಕವು. ನಾಲ್ಕೂ ಬಿಳಿ ಬರಲು ಎಷ್ಟು ತಿಣುಕಿದರೂ ಒಂದೇ ದಾರಿ. "ಅಯ್ಯೋ, ಇಷ್ಟೇನಾ!" ಎಂದ.

ಅದೇ ಹೊತ್ತಿಗೆ ಇನ್ನೊಂದು ಗುಂಪಿನಲ್ಲಿ "ಚೌಕ ಬೀಳ್ಲಿ, ಚೌಕ!" ಎಂಬ ಕೂಗೆದ್ದಿತು. ಬಾಗಿಲಲ್ಲಿ ವಿಭಾಗದ ಮುಖ್ಯಸ್ಥ ವೆಂಕಟೇಶಯ್ಯ ನಿಂತಿದ್ದರು.

"ಏನಮ್ಮ, ಕ್ಲಾಸ್ ರೂಮಾ ಇದು, ಅರಳಿಕಟ್ಟೆನಾ?"

"ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಸಾರ್."

"ನೆಲದ ಮೇಲಾ?"

ವೆಂಕಟೇಶಯ್ಯ ಕೆಟ್ಟವರಲ್ಲ. ಆದರೆ ಸ್ಟಾಟಿಸ್ಟಿಕ್ಸ್ ರಿಸಲ್ಟು ಕಡಿಮೆ ಬಂದಾಗಲೆಲ್ಲ ಪ್ರಿನ್ಸಿಪಾಲರ ಮುಂದೆ ನಿಲ್ಲಬೇಕಾದವರು ಅವರು. ಮಧ್ಯಾಹ್ನ ಹೇಮಶ್ರೀಯವರನ್ನು ಕರೆಸಿದರು. "ನೋಡಮ್ಮ, ಹತ್ತು ಇಂಪಾರ್ಟೆಂಟ್ ಕ್ವೆಶ್ಚನ್ ಕೊಟ್ಟು ಬಾಯಿಪಾಠ ಮಾಡ್ಸಿ, ಪಾಸಾಗ್ಲಿ. ಅರ್ಥ ಆಗೋದೆಲ್ಲ ಆಮೇಲೆ. ನಿಮಗೂ ಈ ಪೇಪರ್ ಸಾಕಾಗಿದೆ ಅಂತ ಗೊತ್ತು. ಮುಂದಿನ ಸೆಮಿಸ್ಟರ್ ಬಿಸಿನೆಸ್ ಕಮ್ಯುನಿಕೇಷನ್ ತಗೊಳ್ಳಿ, ಆರಾಮಾಗಿರಿ."

ಇಷ್ಟು ವರ್ಷ ಕೇಳಿಕೊಂಡಿದ್ದು ಕೇಳದೇ ಸಿಕ್ಕಿತ್ತು. ಸರಿ ಸಾರ್ ಎಂದರೆ ಮುಗಿಯುತ್ತಿತ್ತು. "ನಾಳೆ ಹೇಳ್ತೀನಿ ಸಾರ್" ಎಂದು ಎದ್ದು ಬಂದ ಹೇಮಶ್ರೀ ಬಸ್ ಸ್ಟ್ಯಾಂಡಿನವರೆಗೂ ತಮ್ಮನ್ನೇ ಬೈದುಕೊಂಡರು.

ಅಲ್ಲಿ ಬೆಟ್ಟಸ್ವಾಮಿ ಕಾಯುತ್ತಿದ್ದ. "ಮೇಡಂ, ಒಂದ್ ಡೌಟು. ಉಜ್ಜಿದ ಕಡೆ ಬೀಜ ಚಪ್ಪಟೆ ಇರ್ತದೆ, ಇನ್ನೊಂದ್ ಕಡೆ ಉಬ್ಬು. ಎರಡು ಕಡೆನೂ ಒಂದೇ ಸಮ ಬೀಳಲ್ಲ. ಆಗ ನಮ್ ಲೆಕ್ಕ ತಪ್ಪಾಗಲ್ವಾ?"

ಎಲ್ಲವೂ ಅರ್ಧ ಅರ್ಧ ಎನ್ನುತ್ತಿದ್ದವನು ಈಗ ಅರ್ಧವನ್ನೇ ಅನುಮಾನಿಸುತ್ತಿದ್ದ. ಪಠ್ಯದಲ್ಲಿ ಮುಂದಿನ ಪುಟದಲ್ಲಿದ್ದ ಪ್ರಶ್ನೆಗೆ ಅವನು ತಾನೇ ಬಂದು ನಿಂತಿದ್ದ. ಹೇಮಶ್ರೀ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ವಿವರಿಸತೊಡಗಿದರು. ತುಮಕೂರು ಬಸ್ಸು ಬಂತು, ಕಂಡಕ್ಟರ್ ಕೂಗಿದ, ಬಸ್ಸು ಹೋಯಿತು. ಅತ್ತ ಅವರ ಗಮನವೇ ಇರಲಿಲ್ಲ.

ಮರುದಿನ ವೆಂಕಟೇಶಯ್ಯನವರ ಮುಂದೆ ನಿಂತು "ಸ್ಟಾಟಿಸ್ಟಿಕ್ಸ್ ನನ್ ಹತ್ರಾನೇ ಇರ್ಲಿ ಸಾರ್" ಎಂದರು. ರಿಸಲ್ಟ್ ಕಮ್ಮಿ ಬಂದರೆ ಮುಂದಿನ ವರ್ಷ ಉಳಿಸಿಕೊಳ್ಳಲು ತಮ್ಮ ಕೈಯಲ್ಲಾಗುವುದಿಲ್ಲ ಎಂದು ಅವರು ನೇರವಾಗಿಯೇ ಹೇಳಿದರು. ಹೇಮಶ್ರೀ ಒಪ್ಪಿಕೊಂಡು ಬಂದರು. ಪರೀಕ್ಷೆ ಮುಗಿದು ರಿಸಲ್ಟ್ ಬರುವವರೆಗೆ ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದ್ದನ್ನು ಕೌಸಲ್ಯಮ್ಮ ಇಂದಿಗೂ ನಗುತ್ತಾ ನೆನೆಯುತ್ತಾರೆ.

ಪವಾಡವೇನೂ ನಡೆಯಲಿಲ್ಲ. ಹೋದ ಸಲಕ್ಕಿಂತ ಸ್ವಲ್ಪ ಹೆಚ್ಚು ಜನ ಪಾಸಾದರು, ಹೇಮಶ್ರೀಯವರ ಕುರ್ಚಿಯಿಲ್ಲದ ಕೆಲಸ ಉಳಿಯುವಷ್ಟು. ಕ್ಲಾಸಿಗೇ ಮೊದಲು ಬಂದವಳು ಎಲ್ಲವನ್ನೂ ಬಾಯಿಪಾಠ ಮಾಡಿ ಬರೆದ ಒಬ್ಬ ಹುಡುಗಿ. "ನೋಡಿದ್ರಾ?" ಎಂದರು ವೆಂಕಟೇಶಯ್ಯ. ಬೆಟ್ಟಸ್ವಾಮಿ ಅಂಚಿನಲ್ಲಿ ಪಾಸಾಗಿ ಸ್ಟೋರ್ಸ್‌ನಲ್ಲಿ ಕೂತಿದ್ದಾನೆ. ಆಗಾಗ ಫೋನು ಮಾಡಿ ವಾದ ಮಾಡುತ್ತಾನೆ. ಅದಕ್ಕೂ ಹೇಮಶ್ರೀಯವರಿಗೆ ಸಿಟ್ಟು ಬರುತ್ತದೆ, ಫೋನನ್ನು ಮಾತ್ರ ಎತ್ತದೇ ಇರುವುದಿಲ್ಲ.

ಈಗ ಹೊಸ ಬ್ಯಾಚು. ಕುಣಿಗಲ್‌ನ ಕ್ಲಾಸಿನಲ್ಲಿ ಊಟದ ನಂತರದ ಪೀರಿಯಡ್ಡು. ಬೋರ್ಡು ತುಂಬ ಲೆಕ್ಕ ಬರೆದು ತಿರುಗಿದ ಹೇಮಶ್ರೀ ಎಂದಿನಂತೆ "ಅರ್ಥ ಆಯ್ತಾ?" ಎನ್ನುತ್ತಾರೆ. ಇಡೀ ಕ್ಲಾಸು ಒಂದೇ ರಾಗದಲ್ಲಿ "ಆಯ್ತು ಮೇಡಂ" ಎನ್ನುತ್ತದೆ. ಆ ರಾಗ ಮುಗಿದ ಮೇಲೆ ಎರಡನೇ ಸಾಲಿನಿಂದ ಅಕ್ಷತಾ ಎಂಬ ಹುಡುಗಿ ಅಂಜುತ್ತಾ ಕೈ ಎತ್ತುತ್ತಾಳೆ.

"ಮೇಡಂ, ನಂಗೆ ಒಂಚೂರೂ ಅರ್ಥ ಆಗ್ಲಿಲ್ಲ."

ಹೇಮಶ್ರೀ ಬೋರ್ಡನ್ನು ಪೂರ್ತಿ ಒರೆಸಿ ಮೊದಲಿನಿಂದ ಶುರು ಮಾಡುತ್ತಾರೆ. ಕ್ಲಾಸು ಮುಗಿಸಿ ಕಾರಿಡಾರಿಗೆ ಬಂದು, ಸೆರಗಿಗೆ ಅಂಟಿದ ಚಾಕಿನ ಪುಡಿ ಕೊಡವುತ್ತಾ ಹೇಳುತ್ತಾರೆ: "ನಂಗೆ ದೊಡ್ಡ ಆಸೆ ಏನಿಲ್ಲ ಕಣ್ರೀ. ಬಾಯ್ಬಿಟ್ಟು ಅರ್ಥ ಆಗ್ಲಿಲ್ಲ ಅನ್ನೋರು ಕ್ಲಾಸಿಗೆ ನಾಲ್ಕು ಜನ ಇರ್ಲಿ. ಉಳಿದಿದ್ದು ನಾನು ನೋಡ್ಕೋತೀನಿ."