ಸುಂಟಿಕೊಪ್ಪದಲ್ಲಿ ನಾನು ಬಿದ್ದಿದ್ದು

ಸಿನಿಮಾದಲ್ಲಿ ನನ್ನ ಹಾಗೆ ಬಿದ್ದು ನಗಿಸೋನು ಇನ್ನೊಬ್ಬ ಹುಟ್ಟಿಲ್ಲ. ಹೀರೋ ಒದ್ರೆ ಸಗಣಿಗುಂಡಿಗೆ ಬೀಳೋ ಮಾವ ಅಂದ್ರೆ ನಾನೇ.

ಮೊನ್ನೆ ಸುಂಟಿಕೊಪ್ಪದಲ್ಲಿ ಮಡಿಕೇರಿ ಬಸ್ಸು ಹತ್ತೋಕೆ ಹೋಗಿ ನಿಜವಾಗ್ಲೂ ಜಾರಿಬಿದ್ದೆ. ಕಾಲು ಉಳುಕಿ ಏಳೋಕಾಗ್ತಿಲ್ಲ. "ಎತ್ರಯ್ಯಾ!" ಅಂತ ಕಿರುಚಿದ್ರೆ ಬಸ್‌ಸ್ಟ್ಯಾಂಡೆಲ್ಲ ಚಪ್ಪಾಳೆ! ಒಬ್ಬ ಬೇರೆ, "ಇನ್ನೊಂದ್ಸಲ ಬೀಳಿ ಅಜ್ಜ, ಮೊಬೈಲ್ ತೆಗೆಯೋದ್ರೊಳಗೆ ಬಿದ್ಬಿಟ್ರಿ" ಅಂತಾನೆ.

ಕೊನೆಗೆ ಎಸ್ಟೇಟ್ ಕೆಲಸದ ಹೆಂಗಸೊಬ್ಬಳು ನನ್ನ ರಟ್ಟೆ ಹಿಡಿದು ಎತ್ತೋಕೆ ಬಂದ್ಲು.

"ನಗ್ಬೇಡಿ, ಇವ್ರು ನಿಜವಾಗ್ಲೂ ಬಿದ್ದಿರೋದು. ಸಿನಿಮಾದಲ್ಲಿ ಇಷ್ಟು ಕೆಟ್ಟದಾಗಿ ಬೀಳಲ್ಲ" ಅಂದ್ಲು.

ಮೈಯೆಲ್ಲ ಉರಿದುಹೋಯ್ತು. "ಏನಮ್ಮಾ ಕೆಟ್ಟದಾಗಿತ್ತು? ಸೊಂಟ ತಿರುಗಿದ್ದು ನೋಡಿದ್ಯಾ?" ಅಂತ ಅವಳ ಕೈ ಕೊಡವಿ, ಕೆಸರಲ್ಲಿ ಕೂತೇ ವಾದಕ್ಕಿಳಿದೆ.

ವಾದದಲ್ಲಿ ನಾನೇ ಗೆದ್ದೆ. ಬಸ್ಸು ಮಾತ್ರ ಹೋಗಿತ್ತು.